ಆ ದನಿ ನಿಮ್ಮದಲ್ಲ

ಚಳ್ಳಕೆರೆ
೧೭ ನವೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಸ್ವಪ್ನನ ಅಪ್ಪನಿಗೆ,

ನಿಮ್ಮ ಪುಷ್ಪಲತಾ ಮಾಡುವ ನಮಸ್ಕಾರ. ಮೈ ಹೆಂಗೈತೆ? ಗುರುವಾರ ಫೋನಿನಲ್ಲಿ ಕೆಮ್ಮು ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರಿ, ನನಗೆ ಗೊತ್ತಾಯಿತು. ಅಲ್ಲಿ ಬಿಸಿನೀರು ಕೊಡ್ತಾರಾ? ಕೊಡದಿದ್ದರೆ ಬಾಯಿಬಿಟ್ಟು ಕೇಳಿ. ನೀವು ಕೇಳೋ ಪೈಕಿ ಅಲ್ಲ ಅಂತ ಗೊತ್ತು. ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊತ್ತು ಹೆಗಲು ಸುಲಿದು ಹೋಗಿದ್ದರೂ ಒಂದು ದಿನ ರಜಾ ಕೇಳಿದವರಲ್ಲ. ಆಸ್ಪತ್ರೆ ಐತಂತಲ್ಲ ಒಳಗೆ, ತೋರಿಸಿಕೊಳ್ಳಿ. ನಾನು ಕಳಿಸಿದ ಸ್ವೆಟರ್ ಕೈಗೆ ಸಿಕ್ಕಿತಾ? ದಿನಾ ಬರೀ ಅನ್ನ ಅಂದಿರಿ. ಮುದ್ದೆ ಇಲ್ಲದೆ ನಿಮಗೆ ಹೊಟ್ಟೆ ತುಂಬಿದ ಹಂಗೆ ಆಗಲ್ಲ ಅನ್ನೋದು ನೆನಪಾದರೆ ಇಲ್ಲಿ ನನಗೆ ಮುದ್ದೆ ಮುರಿಯೋಕೆ ಕೈ ಬರಲ್ಲ.

ಅತ್ತೆ ಆರಾಮಾಗಿದಾರೆ, ಮಂಡಿ ನೋವು ಒಂದು ಬಿಟ್ಟರೆ. ಸ್ವಪ್ನ ಸ್ಕೂಲಿಗೆ ತಪ್ಪಿಸಿಕೊಳ್ಳದೆ ಹೋಗ್ತಾಳೆ. ನನಗೂ ಕೆಲಸ ಐತೆ. ಈಗ ಶೇಂಗಾ ಬರೋ ಕಾಲ ಅಲ್ಲವಾ, ಬೀಜ ಆರಿಸೋಕೆ ದಿನಾ ಕರೀತಾರೆ. ಎದುರಿಗಿನ ಅಂಗಡಿ ಮುರುಗೇಂದ್ರಪ್ಪನೋರು ನಿಮ್ಮನ್ನ ಕೇಳಿದೆ ಅಂತ ಬರೆಯೋಕೆ ಹೇಳಿದರು. ಸುಖದ ಸುದ್ದಿ ಇಷ್ಟೇರೀ. ಮಿಕ್ಕಿದ್ದನ್ನ ಗುರುವಾರದ ಫೋನಿನಲ್ಲಿ ಹೇಳೋಕೆ ಆಗಲ್ಲ. ಹಲೋ ಅಂದು ಹೆಂಗಿದೀರಿ ಅನ್ನೋಷ್ಟರಲ್ಲಿ ಹೊತ್ತು ಮುಗೀತೈತೆ. ನನ್ನ ಮಗ್ಗುಲಲ್ಲಿ ಅತ್ತೆ ಕೂತಿರ್ತಾರೆ, ನಿಮ್ಮ ಮಗ್ಗುಲಲ್ಲಿ ಪೋಲೀಸರು. ಅದಕ್ಕೇ ಈ ಕಾಗದ. ಇದನ್ನ ಒಡೆದು ನೋಡೋ ಜೈಲಿನ ಸಾಹೇಬರಿಗೆ ಕನ್ನಡ ಬರೋದಾದರೆ ಅವರಿಗೂ ನನ್ನ ನಮಸ್ಕಾರ. ಓದಲಿ.

ಶ್ರಾವಣದಲ್ಲಿ ಕರ್ನೂಲಿನ ಪೋಲೀಸರು ಮಿಲ್ಲಿಗೇ ಬಂದು ನಿಮ್ಮನ್ನ ಜೀಪು ಹತ್ತಿಸಿದ ದಿನ ನಾನು ಓಡಿ ಬಂದಾಗ ಅವರು ಏನೇನೋ ಹೇಳಿದರು. ಯಾರೋ ಪೋಲೀಸ್ ಅಧಿಕಾರಿ ಅಂತ ಸುಳ್ಳು ಹೇಳಿ ಫೋನಿನಲ್ಲಿ ಅಲ್ಲಿಯ ಜನರನ್ನ ಹೆದರಿಸಿ ದುಡ್ಡು ಹಾಕಿಸಿಕೊಂಡಿದಾರೆ, ಫೋನು ಮಾಡಿದ ಸಿಮ್ಮು ನಿನ್ನ ಗಂಡ ಓಬಳೇಶನ ಹೆಸರಲ್ಲೈತೆ, ದುಡ್ಡು ಬಿದ್ದ ಅಕೌಂಟೂ ಓಬಳೇಶನ ಹೆಸರಲ್ಲೈತೆ ಅಂತ. ನಾನು ಆ ಜೀಪಿನ ಬಾಗಿಲು ಹಿಡಕೊಂಡು, ನಾಲ್ಕು ಮಾತು ತೆಲುಗು ಬಾರದ ನನ್ನ ಗಂಡ ತೆಲುಗಿನೋರನ್ನ ಹೆಂಗೆ ಹೆದರಿಸಿಯಾನು ಸಾರ್ ಅಂತ ಕೂಗಾಡಿದೆ. ನೀವು ಮಾತ್ರ ತಲೆ ಬಗ್ಗಿಸಿ ಕೂತಿದ್ದಿರಿ. ಕಡೆಗೆ ಬಾಯಿಬಿಟ್ಟು ಹೇಳಿದ್ದು ಒಂದೇ: "ನಿಮ್ಮ ತವರಿಗೆ ಏನೂ ಹೇಳಬೇಡ." ಮರ್ಯಾದೆಗೆ ಅಂಜಿ ಹಂಗಂದಿರಿ ಅಂದುಕೊಂಡೆ. ಆಮೇಲೆ ಅಲ್ಲಿ ಹೋಗಿ ಏನು ಬರೆಸಿದಿರಿ? ಸಿಮ್ಮೂ ನಂದೇ, ಅಕೌಂಟೂ ನಂದೇ, ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಮಾರಿದೆ, ಅವನ ಗುರುತು ನನಗಿಲ್ಲ ಅಂತ. ಸರ್ಕಾರದೋರು ಕೊಟ್ಟ ವಕೀಲರಮ್ಮ ತಲೆ ಚಚ್ಚಿಕೊಳ್ತಾರೆ. ಯಾರಿಗೆ ಕೊಟ್ಟೆ ಅಂತ ಹೇಳಿದರೆ ಜಾಮೀನಿಗೆ ದಾರಿ ಆಗ್ತೈತೆ, ಹೇಳದಿದ್ದರೆ ಇವನೇ ಮೊದಲನೇ ಕಳ್ಳ ಅಂತ ಕೋರ್ಟು ಅಂದುಕೊಳ್ತೈತೆ ಅಂತಾರೆ.

ನೀವು ಹೋದ ಮೇಲೆ ಈ ಮನೇಲಿ ಫೋನಿನ ಕಾಟ ಶುರುವಾಯಿತು ನೋಡಿ. ಆರಿಸಿ ಇಡೋಣ ಅಂದರೆ ಆಗಲ್ಲ, ಜೈಲಿನಲ್ಲಿ ನೀವು ಬರೆಸಿರೋದು ಇದೊಂದೇ ನಂಬರು. ನೀವು ಮಾಡೋ ಕರೆ ಒಂದೊಂದು ಸಲ ಒಂದೊಂದು ನಂಬರಿಂದ ಬಂದ ಹಂಗೆ ಕಾಣ್ತೈತೆ. ಗೊತ್ತಿಲ್ಲದ ನಂಬರು ಎತ್ತಬೇಡಿ ಅಂತ ಎಲ್ಲರೂ ಬುದ್ಧಿ ಹೇಳ್ತಾರೆ. ನಮಗೆ ನೀವೇ ಗೊತ್ತಿಲ್ಲದ ನಂಬರು, ಏನು ಮಾಡೋಣ? ಎಲ್ಲವನ್ನೂ ಎತ್ತಬೇಕು. ಬ್ಯಾಂಕಿನಿಂದ ಅಂತಾರೆ, ಎಟಿಎಂ ಕಾರ್ಡು ಬಂದ್ ಆಗ್ತೈತೆ ಅಂತಾರೆ, ಕರೆಂಟು ಕಿತ್ತು ಹಾಕ್ತೀವಿ ಅಂತಾರೆ. ನಿಮ್ಮವ್ವನಿಗೆ ಯಾರಾದರೇನು, ಎಲ್ಲರ ಹತ್ರಾನೂ ನನ್ನ ಮಗ ಯಾವಾಗ ಬರ್ತಾನಪ್ಪ ಅಂತ ಕೇಳ್ತಾರೆ. ಒಂದು ದಿನ ಸಾಲ ಬೇಕಾ ಅಂತ ಕೇಳೋ ಮೆಷೀನಿನ ಹೆಂಗಸಿನ ದನಿಗೆ ಅರ್ಧ ಗಂಟೆ ನಿಮ್ಮ ಕತೆ ಹೇಳಿದರು. ಅದು ಕಟ್ ಆಗಿದ್ದೂ ಗೊತ್ತಿಲ್ಲ. ನಗಬೇಕೋ ಅಳಬೇಕೋ. ಇನ್ನೊಬ್ಬ ಐದಾನೆ, ಯಾರು ಎಲ್ಲಿಯವನು ಗೊತ್ತಿಲ್ಲ, ಗಂಡ ಒಳಗೆ ಐದಾನಂತೆ, ಬೇಜಾರಾಗಲ್ಲವಾ ಅಂತ ಕೇಳ್ತಾನೆ. ಕಟ್ ಮಾಡಿದರೆ ಬೇರೆ ನಂಬರಿಂದ ಮಾಡ್ತಾನೆ. ಸ್ವಪ್ನ ಫೋನು ಬಡಕೊಂಡರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡ್ತಾಳೆ. ಮೊನ್ನೆ ಅದನ್ನ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳು. ಅವತ್ತು ಗುರುವಾರ. ಎಷ್ಟು ಹೊಡೆದೆ ಅಂದರೆ, ಆಮೇಲೆ ನಾನೇ ಅವಳನ್ನ ತಬ್ಬಿಕೊಂಡು ಅತ್ತುಬಿಟ್ಟೆ.

ದಸರಾ ಮುಂಚೆ ನಾನು ಕೆಲಸಕ್ಕೆ ಹೋಗಿದ್ದಾಗ ಒಬ್ಬ ಅತ್ತೆಗೆ ಫೋನು ಮಾಡಿ, ಜೈಲಿನ ಆಸ್ಪತ್ರೆ ಡಾಕ್ಟರು ಮಾತಾಡೋದು, ನಿಮ್ಮ ಮಗನಿಗೆ ಹೊಡೆದಾಟದಲ್ಲಿ ತಲೆ ಒಡೆದೈತೆ, ಈಗಲೇ ರಕ್ತ ತರಿಸಬೇಕು, ದುಡ್ಡು ಹಾಕಿಸಮ್ಮ ಅಂದನಂತೆ. ಅತ್ತೆ ಎದೆ ಬಡಕೊಂಡು ಮುರುಗೇಂದ್ರಪ್ಪನೋರ ಅಂಗಡಿಗೆ ಓಡಿ, ಅವರ ಫೋನಿನಿಂದಲೇ ದುಡ್ಡು ಹಾಕಿಸಿದಾರೆ. ಅದನ್ನ ತೀರಿಸೋಕೆ ಪರಶುರಾಂಪುರದಲ್ಲಿ ನಿಮ್ಮ ಸೋದರಮಾವನ ಮಂದೆಯಲ್ಲಿ ಬಿಟ್ಟಿದ್ದ ತಮ್ಮ ಕುರಿಗಳನ್ನ ಮಾರಿದರು. ನಾನು ಬಂದು ಆ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಗುರುವಾರ ನಿಮ್ಮ ದನಿ ಕೇಳೋವರೆಗೆ ಅತ್ತೆ ನೀರು ಮುಟ್ಟಲಿಲ್ಲ. ಇದನ್ನ ನಿಮಗೆ ಹೇಳಬಾರದು ಅಂತ ಆಣೆ ಮಾಡಿಸಿಕೊಂಡಿದ್ದರು. ಹೇಳಿಬಿಟ್ಟೆ, ಅವರನ್ನ ಬೈಯಬೇಡಿ.

ಆ ಕಾಟ ತಾಳಲಾರದೆ ನಾನು ನಿಮ್ಮ ಮಾತು ಮೀರಿ ತವರಿಗೆ ತಿಳಿಸಿದೆ. ಮಾರನೇ ದಿನವೇ ಅಮರ ಹೊಸ ಬೈಕಿನಲ್ಲಿ ಬಂದ. ನನ್ನ ತಮ್ಮ ಬಂದ ಅಂತ ನನಗೆ ಆನೆ ಬಲ ಬಂದ ಹಂಗಾಯಿತು. ಸ್ವಪ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ನಂಬರು ಬ್ಲಾಕ್ ಮಾಡಿದ. ಹೋಗುವಾಗ, "ಅಕ್ಕಾ, ಈ ಸಿಮ್ ನನಗೆ ಕೊಟ್ಟುಬಿಡು, ಹೊಸದು ಹಾಕಿಕೊಡ್ತೀನಿ, ಒಂದೇ ಏಟಿಗೆ ಕಾಟ ತಪ್ಪತೈತೆ" ಅಂದ. ನಿಮ್ಮ ಬಾವನ ಕರೆ ಇದಕ್ಕೇ ಬರೋದು ಕಣೋ ಅಂದೆ. "ಅದನ್ನ ಬದಲಾಯಿಸಿಕೊಂಡರಾಯಿತು, ಕೊಡಕ್ಕಾ" ಅಂತ ಮೂರು ಸಲ ಕೇಳಿದ. ನಾನು ಕೊಡಲಿಲ್ಲ. ಕೊಡದೆ ಇದ್ದದ್ದು ಬುದ್ಧಿವಂತಿಕೆಯಿಂದ ಅಲ್ಲ, ಒಂದು ಗುರುವಾರ ತಪ್ಪಿ ಹೋಗ್ತೈತಲ್ಲ ಅನ್ನೋ ಭಯಕ್ಕೆ.

ಇನ್ನು ಕಮಲಾಕ್ಷಮ್ಮನ ವಿಷಯ. ಈಕೆ ಕರ್ನೂಲಿನೋರು. ಆಸ್ಪತ್ರೇಲಿ ಆಯಾ ಆಗಿದ್ದು ರಿಟೈರ್ ಆದ ವಿಧವೆ, ಮಗಳ ಮನೇಲಿದಾರೆ. ನೀವು ಹೆದರಿಸಿ ದೋಚಿದಿರಿ ಅಂತ ಕೇಸಿನಲ್ಲಿ ಬರೆದಿರೋದು ಇವರನ್ನೇ. ಕೋರ್ಟಿನ ಕಾಗದದಲ್ಲಿ ನಿಮ್ಮ ವಿಳಾಸದ ಕೆಳಗೆ ನಮ್ಮ ನಂಬರು ಇತ್ತಂತೆ. ಮೊದಲ ದಿನ ತೆಲುಗಿನಲ್ಲಿ ಶಾಪ ಹಾಕಿದರು. ಆಂಧ್ರದ ಗಡಿಯ ರಾಂಪುರದ ಕಡೆ ಹುಟ್ಟಿದವಳು ನಾನು, ಮನೇಲಿ ಅರ್ಧ ತೆಲುಗೇ ಆಡಿದವಳು, ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ. ಕೆಲಸಕ್ಕೆ ಹೋಗೋ ಮುಂಚೆ ದಿನಾ ಮಾಡೋರು. ಬೈಯೋರು, ಅಳೋರು, ನನ್ನ ದುಡ್ಡು ಕೊಡಿಸು ತಾಯಿ ಅನ್ನೋರು. ನನ್ನ ಗಂಡ ಅಂಥವನಲ್ಲಮ್ಮ ಅಂತ ನಾನು, ಎಲ್ಲರ ಹೆಂಡತಿಯೂ ಹಂಗೇ ಅಂತಾಳೆ ಅಂತ ಅವರು. ಬರಬರ್ತಾ ಬೈಗುಳ ಕಡಿಮೆ ಆಯಿತು. ಅಳಿಯ ದಿನಾ ಚುಚ್ಚಿ ಮಾತಾಡ್ತಾನಂತೆ, ಮಗಳು ಮುಖ ಕೊಟ್ಟು ಮಾತಾಡಲ್ಲವಂತೆ. ಮಹಡಿ ಮೇಲೆ ಬಟ್ಟೆ ಒಣಗಿಸೋ ನೆಪ ಮಾಡಿಕೊಂಡು ನನಗೆ ಫೋನು ಮಾಡ್ತಿದ್ದರು. ಏನು ಅಡುಗೆ ಅಂತ ಕೇಳೋಕೂ ಶುರು ಮಾಡಿದರು. ಈ ಹೆಂಗಸಿಗೆ ಮಾತಾಡೋಕೆ ನಾನು ಬಿಟ್ಟರೆ ಯಾರೂ ಇಲ್ಲವಲ್ಲಪ್ಪ ಅನ್ನಿಸೋದು. ನನಗೂ ಯಾರಿದ್ದರು?

ದೀಪಾವಳಿಗೆ ನಾಲ್ಕು ದಿನ ಇತ್ತು. ಅವತ್ತು ಅವರು, "ನಿನ್ನ ಗಂಡ ಒಳ್ಳೆಯವನು ಅಂತೀಯಲ್ಲ, ಕೇಳು ಅವನ ದನಿ" ಅಂತ ತೆಲುಗಿನಲ್ಲಿ ಅಂದರು. ಅವರ ಫೋನಿನಲ್ಲಿ ಕರೆಗಳು ತಾವೇ ರೆಕಾರ್ಡ್ ಆಗ್ತಾವಂತೆ. ಪೋಲೀಸರಿಗೂ ಕೊಟ್ಟಿದಾರಂತೆ. ಮಗಳ ಫೋನಿನಲ್ಲಿ ಹಾಕಿ, ಅದರ ಹತ್ರ ತಮ್ಮ ಫೋನು ಹಿಡಿದರು. ಮೊದಲು ಗದರೋ ದನಿ, ನಿನ್ನ ಹೆಸರಲ್ಲಿ ಕಳ್ಳ ಪಾರ್ಸೆಲ್ ಬಂದೈತೆ, ಬಾಗಿಲು ಹಾಕಿಕೊ, ಯಾರಿಗೂ ಹೇಳಬೇಡ ಅಂತ. ಆ ದನಿ ನಿಮ್ಮದಲ್ಲ ಅಂತ ಎರಡು ಮಾತಿಗೇ ಗೊತ್ತಾಗಿ ನನಗೆ ಹೋದ ಜೀವ ಬಂತು. ನೋಡಿದಿರಾ, ನೋಡಿದಿರಾ ಅಂತ ಕೂಗಬೇಕು ಅಂತಿದ್ದೆ. ಅಷ್ಟರಲ್ಲಿ ರೆಕಾರ್ಡಿನಲ್ಲಿ ಆ ಮುದುಕಮ್ಮ ಅಳೋದು ಕೇಳಿಸಿತು. ಅವನು ದನಿ ಮೆತ್ತಗೆ ಮಾಡಿ, "ಭಯಪಡೊದ್ದಮ್ಮಾ, ನೇನುನ್ನಾ ಕದಾ" ಅಂದ. ಹೆದರಬೇಡಮ್ಮ, ನಾನಿದೀನಲ್ಲ. ರೀ, ಆ ಮಾತು ನಂದು. ನಮ್ಮವ್ವ ಸತ್ತಾಗ ಅಮರ ಇನ್ನೂ ತೊದಲ್ತಾ ಇದ್ದ. ಸೊಂಟದ ಮೇಲೆ ಹೊತ್ತುಕೊಂಡು, ಗುಡುಗು ಬಂದರೆ ನನ್ನ ಸೆರಗಿನೊಳಗೆ ಮುಚ್ಚಿಕೊಂಡು ನಾನು ಅವನಿಗೆ ಹೇಳ್ತಿದ್ದ ಮಾತು ಅದು. ಅದೇ ರಾಗ, ಕದಾ ಅನ್ನೋದನ್ನ ಅದೇ ತರ ಮೇಲಕ್ಕೆ ಎತ್ತೋದು. ನನ್ನ ಬಾಯಿಂದ ಕಲಿತದ್ದನ್ನ ತಗೊಂಡು ಹೋಗಿ ಆ ಮುದುಕಿಯ ಗಂಟು ಬಿಚ್ಚಿಸಿದಾನೆ. ಕಮಲಾಕ್ಷಮ್ಮ ಕೇಳಿದರು, ಇದು ನಿನ್ನ ಗಂಡನಾ? ಅಲ್ಲಮ್ಮ ಅಂದೆ. ಮತ್ತೆ ಯಾರು? ಫೋನು ಇಟ್ಟೆ. ಅವತ್ತು ಕೆಲಸದಲ್ಲಿ ಒಳ್ಳೆ ಬೀಜಾನೆಲ್ಲ ಕೆಟ್ಟ ಬೀಜದ ರಾಶಿಗೆ ಹಾಕಿ ಮೇಸ್ತ್ರಿ ಹತ್ರ ಬೈಸಿಕೊಂಡೆ.

ಆಮೇಲೆ ಒಂದೊಂದೇ ನೆನಪಾಯಿತು. ಹೋದ ವರ್ಷ ಅಮರ ರಾಂಪುರದ ಬಸ್‌ಸ್ಟ್ಯಾಂಡಿನ ಹತ್ರ ಛತ್ರಿ ಕೆಳಗೆ ಕೂತು ಸಿಮ್ ಮಾರ್ತಿದ್ದಾಗ, ಬಾವ, ನನ್ನ ಟಾರ್ಗೆಟ್ ಮುಗಿದಿಲ್ಲ, ಒಂದು ಹೆಬ್ಬೆಟ್ಟು ಒತ್ತಿಬಿಡು ಅಂತ ನಿಮ್ಮ ಹತ್ರ ಒತ್ತಿಸಿಕೊಂಡಿದ್ದು. ಬೆರಳು ಬೀಳಲಿಲ್ಲ, ಇನ್ನೊಂದು ಸಲ ಅಂದಿದ್ದು. ಬ್ಯಾಂಕಿನ ಅಕೌಂಟು ಮಾಡಿಸ್ತೀನಿ ಅಂತ ಆಧಾರ್ ಕಾರ್ಡು ತಗೊಂಡು ಹೋಗಿದ್ದು. ಆಮೇಲೆ ಬಳ್ಳಾರಿಯಲ್ಲಿ ಕಂಪನಿ ಕೆಲಸ ಸಿಕ್ತು ಅಂತ ಹೋಗಿ ಬೈಕಿನಲ್ಲಿ ಬಂದಿದ್ದು. ಕರ್ನೂಲಿಗೆ ನಾನು ನಿಮ್ಮನ್ನ ನೋಡೋಕೆ ಬಂದಾಗ ಜಾಲರಿ ಆಚೆಯಿಂದ ನೀವು ಮೊದಲು ಕೇಳಿದ್ದು ಏನು ಹೇಳಿ? "ಅಮರ ಮನೆಗೆ ಬಂದಿದ್ದನಾ?" ಅಂತ. ಎಷ್ಟು ಪ್ರೀತಿ ನನ್ನ ತಮ್ಮನ ಮೇಲೆ ಅಂತ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡು ಬಂದೆ, ದಡ್ಡಿ.

ಹಬ್ಬಕ್ಕೆ ಅವನು ಸ್ವಪ್ನನಿಗೆ ಲಂಗ ತಗೊಂಡು ಬಂದ. ಉಂಡಾದ ಮೇಲೆ ಅತ್ತೆಯನ್ನೂ ಮಗುವನ್ನೂ ಎದುರು ಅಂಗಡಿಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿ ಕೇಳಿದೆ. "ಆ ಕರ್ನೂಲಿನ ಮುದುಕಿಗೆ ಫೋನು ಮಾಡಿದ್ದು ನೀನೇನೋ?" ಮೊದಲು ಯಾವ ಮುದುಕಿ ಅಂದ. ದನಿ ಕೇಳಿದೀನಿ ಅಂದಾಗ ನನ್ನ ಕಾಲ ಮೇಲೆ ಬಿದ್ದ. "ಆ ಕಂಪನೀಲಿ ಎಲ್ಲರೂ ಮಾಡ್ತಿದ್ದರಕ್ಕಾ. ಓದಿಕೊಂಡು ಹೇಳೋದು ಅಷ್ಟೇ ಕೆಲಸ ಅಂದರು. ಬಿಟ್ಟು ಬರ್ತೀನಿ ಅಂದರೆ ಹೊಡೆದರು." ಬಾವನ ಹೆಸರು ಯಾಕೋ ಕೊಟ್ಟೆ ಅಂದರೆ ಸುಮ್ಮನೆ ಅತ್ತ. ಆಮೇಲೆ ಹೇಳಿದ. ನಾನು ಕರ್ನೂಲಿಗೆ ಬರೋಕೆ ಮುಂಚೆಯೇ ನಿಮ್ಮನ್ನ ಜೈಲಿನಲ್ಲಿ ನೋಡಿ ಹೋಗಿದಾನೆ. ನೀವು ಅವನಿಗೆ, "ನಿಮ್ಮಕ್ಕ ನಿನ್ನನ್ನ ಹೆತ್ತ ಮಗನಂಗೆ ಸಾಕಿದಾಳೆ. ನೀನು ಒಳಗೆ ಬಂದರೆ ಅವಳು ಉಳಿಯಲ್ಲ. ನಾನು ತಡಕೊಳ್ತೀನಿ, ನೀನು ಬಾಯಿ ಮುಚ್ಚಿಕೊಂಡು ದುಡಕೊಂಡು ತಿನ್ನು" ಅಂದಿರಂತೆ. ನಿಜವಾ? ನನಗೋಸ್ಕರ ಜೈಲು ಸೇರೋಕೆ ನನ್ನ ಒಂದು ಮಾತು ಕೇಳಬಾರದಾಗಿತ್ತಾ? ಯಾರು ಹೇಳಿದರು ನಿಮಗೆ ನಾನು ಉಳಿಯಲ್ಲ ಅಂತ? ಈಗೇನು ಉಳಿದಿದೀನಾ?

ಮಾರನೇ ದಿನ ಅಪ್ಪ ಬಂದರು. ಅವರಿಗೆ ಮೊದಲೇ ಗೊತ್ತಿತ್ತು. ಕೆಂಚಣ್ಣ ಅಂದರೆ ಸುತ್ತಲ ಹತ್ತು ಊರಿನಲ್ಲಿ ನ್ಯಾಯ ಹೇಳೋ ಮನುಷ್ಯ ಅಂತ ಹೆಮ್ಮೆಪಡ್ತಿದ್ದೆ. ತಲೆ ಮೇಲಿನ ಟವಲ್ಲು ತೆಗೆದು ನನ್ನ ಮುಂದೆ ಹಿಡಿದು, "ಅಳಿಯ ಗಟ್ಟಿ ಆಳು, ತಡಕೊಳ್ತಾನೆ. ನಮ್ಮ ಹುಡುಗ ಎಳೆಯ, ಒಳಗೆ ಹೋದರೆ ನೇಣು ಹಾಕಿಕೊಳ್ತಾನೆ. ನಿಮ್ಮವ್ವನ ಮುಖ ನೋಡು ತಾಯಿ" ಅಂದರು. ನಿಮ್ಮ ಮುಖ ಯಾರೂ ನೋಡು ಅನ್ನಲಿಲ್ಲ. ಅಪ್ಪನಿಗೆ ಕಾಫಿ ಕೊಟ್ಟೆ, ಬಸ್ಸಿಗೆ ಹತ್ತಿಸಿ ಬಂದೆ. ಅವತ್ತಿನಿಂದ ಅತ್ತೆ ಮುಂದೆ ಕೂತು ಉಣ್ಣೋಕೆ ಆಗ್ತಿಲ್ಲ. ಅವರ ಮಗ ಯಾಕೆ ಒಳಗಿದಾನೆ ಅಂತ ಗೊತ್ತಿದ್ದೂ ಅವರ ಕೈಗೆ ತಟ್ಟೆ ಕೊಡ್ತೀನಿ. ಅವರು ದೇವರಿಗೆ ಹರಕೆ ಹೊರ್ತಾರೆ, ನನ್ನ ಮಗನ ಮೇಲೆ ಸುಳ್ಳು ಹೊರಿಸಿದೋರ ಮನೆ ಹಾಳಾಗಲಿ ಅಂತ. ನಾನು ಪಕ್ಕದಲ್ಲಿ ನಿಂತು ಊದುಬತ್ತಿ ಹಚ್ಚಿಕೊಡ್ತೀನಿ.

ನಿನ್ನೆ ಬೆಳಿಗ್ಗೆ ಕಮಲಾಕ್ಷಮ್ಮ ಮತ್ತೆ ಮಾಡಿದ್ದರು. ಅಳಿಯ ಅವರನ್ನ ತಿರುಪತಿ ಕಡೆ ಯಾವುದೋ ಆಶ್ರಮಕ್ಕೆ ಸೇರಿಸ್ತಾನಂತೆ, ಫೋನು ಮಗಳಿಗೆ ಕೊಟ್ಟು ಹೋಗಬೇಕಂತೆ. ದುಡ್ಡಿನ ಮಾತೇ ಎತ್ತಲಿಲ್ಲ. "ಆ ಹುಡುಗ ಯಾರು ಅಂತ ನಿನಗೆ ಗೊತ್ತು. ನೀನು ಫೋನು ಇಟ್ಟಿದ್ದರಲ್ಲೇ ನನಗೆ ತಿಳೀತು. ನಾನು ಬುದ್ಧಿ ಇಲ್ಲದ ಮುದುಕಿ ಅಂತ ಎಲ್ಲರೂ ಅಂತಾರೆ. ಅವನು ಎಷ್ಟು ಪ್ರೀತಿಯಿಂದ ಮಾತಾಡಿದ ಅಂತ ನೀನಾದರೂ ಕೇಳಿದೀಯಲ್ಲ, ಅಷ್ಟು ಸಾಕು" ಅಂದರು. ನಾನು ಅಮ್ಮಾ ಅಮ್ಮಾ ಅಂತಲೇ ಇದ್ದೆ, ಹೆಸರು ಹೇಳಲಿಲ್ಲ.

ಅದಕ್ಕೇ ನಿಮ್ಮ ಕಾಲು ಹಿಡಕೊಂಡು ಕೇಳ್ತೀನಿ. ಮುಂದಿನ ಸಲ ವಕೀಲರಮ್ಮ ಬಂದಾಗ ಅಮರನ ಹೆಸರು ಹೇಳಿ. ನಾನು ಅವನನ್ನ ಎತ್ತಿ ಆಡಿಸಿದವಳು, ನನ್ನ ಬಾಯಿಂದ ಆಗ್ತಿಲ್ಲ. ನೀವು ಹೇಳಿ. ನನ್ನ ಪುಷ್ಪ ಏನಾಗ್ತಾಳೋ ಅನ್ನೋ ಯೋಚನೆ ಬಿಡಿ. ನಿಮ್ಮ ಕೆಮ್ಮು ಕೇಳಿಕೊಂಡು ಗುರುವಾರದಿಂದ ಗುರುವಾರಕ್ಕೆ ಬದುಕೋದು ಇನ್ನು ನನ್ನ ಕೈಲಿ ಆಗಲ್ಲ.

ಸ್ವಪ್ನ ಅಪ್ಪನಿಗೆ ಮುತ್ತು ಅಂತ ಬರಿ ಅಂದಳು, ಬರೆದಿದೀನಿ. ಅತ್ತೆಯ ಆಶೀರ್ವಾದ ನಿಮ್ಮ ತಲೆ ಮೇಲಿರಲಿ. ಬಿಸಿನೀರು ಕೇಳಿ ಕುಡೀರಿ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ದಾರಿ ಕಾಯ್ತಿರೋ
ಪುಷ್ಪಲತಾ

ತಾ.ಕ.: ಸೋಮವಾರ. ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಬರೀತಿದೀನಿ, ಅಕ್ಷರ ಹೆಂಗೋ ಬರ್ತಾವೆ, ಓದಿಕೊಳ್ಳಿ. ಬೆಳಿಗ್ಗೆ ಕಾಗದ ಹಾಕೋಕೆ ಹೊರಟವಳು ದಾರೀಲಿ ನಿಂತು ಒಂದು ಸಲ ಓದಿದೆ. ನನ್ನ ಕೈಲಾಗದ್ದನ್ನ ನಿಮ್ಮ ಕೈಲಿ ಮಾಡಿಸೋಕೆ ಹೊರಟಿದೀನಲ್ಲ ಅಂತ ನಾಚಿಕೆ ಆಯಿತು. ಪೋಸ್ಟಿಗೆ ಬರದೆ ಸೀದಾ ಠಾಣೆಗೆ ಹೋದೆ. ಹೆಣ್ಣು ಪೋಲೀಸ್ ಒಬ್ಬಾಕೆ ನೀರು ಕೊಟ್ಟು ಕೂರಿಸಿದಳು. ಅಮರೇಶ ಅಂದೆ. ಅಪ್ಪನ ಹೆಸರು ಕೇಳಿದರು, ಕೆಂಚಣ್ಣ ಅಂದೆ. ಊರು ಹೇಳಿದೆ. ನಿನಗೇನಾಗಬೇಕು ಅಂದರು, ತಮ್ಮ ಅಂದೆ. ಎಲ್ಲ ಬರೆದುಕೊಂಡು ಸಹಿ ಹಾಕಿಸಿಕೊಂಡು ನನ್ನ ಮುಂದೆಯೇ ಕರ್ನೂಲಿಗೆ ಫೋನು ಮಾಡಿದರು. ಈ ಕಾಗದ ಸೇರೋ ಹೊತ್ತಿಗೆ ಅಲ್ಲಿಯೋರು ನಿಮ್ಮನ್ನ ಮತ್ತೆ ಕೇಳ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಮಾರಿದೆ ಅನ್ನಬೇಡಿ, ದಮ್ಮಯ್ಯ. ನೀವು ಸುಮ್ಮನಿದ್ದು ಕಾಪಾಡಬೇಕಾದ್ದು ಇನ್ನು ಏನೂ ಉಳಿದಿಲ್ಲ. ಇವತ್ತಿನಿಂದ ನನಗೆ ತವರಿಲ್ಲ. ನಿಜ ಹೇಳಿ ಮನೆಗೆ ಬನ್ನಿ.